ಮುಂದಿನ ಭಾಗ ಚೀಲದಲ್ಲಿರಲಿ

ಮಾರ್ಚ್ ೧೧, ಮಂಗಳವಾರ
ಅಂಗಡಿಯಿಂದ

ಪ್ರೀತಿಯ ಗುಂಡ,

ಹಡಗಿನವರ ಹೊಟ್ಟೆ ತುಂಬಿಸುವ ಗಡಿಬಿಡಿಯಲ್ಲಿ ನಿನ್ನ ಹೊಟ್ಟೆಗೂ ಏನಾದರೂ ಹಾಕಿಕೊಳ್ಳುತ್ತಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತುಂಬಾ ದಿನವಾಯಿತು, ಉತ್ತರ ತಡವಾಯಿತೆಂದು ಬೈಯಬೇಡ. ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಅಮ್ಮನ ಡಯಾಲಿಸಿಸ್, ಇವೆರಡರ ನಡುವೆ ಅವಳಿಗೆ ಪುಸ್ತಕ ಹುಡುಕುವ ಕೆಲಸ. ಬೀಗದ ಕೈ ಕಳೆದುಕೊಂಡು ಬಂದವರಿಗೆ ಹೊಸ ಕೈ ಮಾಡಿಕೊಡುವುದು ಇದಕ್ಕಿಂತ ಎಷ್ಟೋ ಸಲೀಸು.

ಇದಕ್ಕೆಲ್ಲ ಮೂಲ ನೀನೇ. ಶಾಲೆಯ ದಿನಗಳಲ್ಲಿ ನೀನು ಪಾಠದ ಪುಸ್ತಕದೊಳಗೆ ರಾಕೆಟ್ಟಿನ ಕಥೆ ಬಚ್ಚಿಟ್ಟು ಓದುತ್ತಿದ್ದೆ, ಅಮ್ಮ ಕಿತ್ತುಕೊಂಡು ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಪರೀಕ್ಷೆ ಮುಗಿದ ಮೇಲೆ ಕೇಳಿದರೆ, 'ತಡಿಯೋ, ಅವರಿನ್ನೂ ಚಂದ್ರನ ಮೇಲೆ ಇಳಿದಿಲ್ಲ' ಅಂದಿದ್ದಳಲ್ಲ! ಅಂದು ಅವಳಿಗೆ ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಕಣ್ಣು ಮಂಜಾದ ಮೇಲೆ ನಾನು ಓದುತ್ತೇನೆ, ಅವಳು ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಿ ಕೇಳುತ್ತಾಳೆ.

ಹೊಸ ಪುಸ್ತಕದ ಅಂಗಡಿಗೆ ಹೋಗಿ, 'ಡ್ರ್ಯಾಗನ್ ಇರೋದು, ಇಲ್ಲಾಂದ್ರೆ ಬೇರೆ ಗ್ರಹದ್ದು ಏನಾದ್ರೂ ಹೊಸದು ಬಂದಿದ್ಯಾ?' ಎಂದು ಕೇಳಿದೆ. ಅಂಗಡಿಯವರು, 'ಮಗಳಿಗಾ, ಮಗನಿಗಾ?' ಅಂದರು. ಅಮ್ಮನಿಗೆ ಎಂದೆ. ಆಸ್ಪತ್ರೆಯ ವಿಷಯವನ್ನೂ ಹೇಳಿದೆ. ಅವರ ಮುಖವೇ ಮೆತ್ತಗಾಯಿತು, ಪಾಪ. ಮನಸ್ಸಿಗೆ ಶಾಂತಿ ಕೊಡುವ ಪುಸ್ತಕವೊಂದನ್ನು ರಿಯಾಯಿತಿಯಲ್ಲೇ ಕೊಟ್ಟರು. ಆಸ್ಪತ್ರೆಯಲ್ಲಿ ಅದರ ಹೆಸರು ಕೇಳಿದ ಅಮ್ಮ, 'ಶಾಂತಿ ಆಮೇಲೆ ಬೇಕಾದಷ್ಟು ಸಿಗುತ್ತೆ ಕಣೇ. ಈಗ ಡ್ರ್ಯಾಗನ್ ತಾ' ಅಂದಳು. ನರ್ಸಮ್ಮ ನಕ್ಕ ನಗುವಿಗೆ ಕೈಯಲ್ಲಿದ್ದ ಟೇಪಿನ ಸುರುಳಿ ಕೆಳಗೆ ಬಿತ್ತು.

ಅವಳ ಕಾನೂನು ನಿನಗೆ ಗೊತ್ತೇ ಇದೆ. ಅವತ್ತಿನ ಡಯಾಲಿಸಿಸ್ ಮುಗಿದು ಯಂತ್ರ ಕೂಗಿದ ಕೂಡಲೇ ಓದು ನಿಲ್ಲಬೇಕು, ನಾಯಕ ಬಂಡೆಯ ತುದಿಯಲ್ಲಿ ನೇತಾಡುತ್ತಿದ್ದರೂ ಸರಿ. ಒಂದು ಭಾಗದ ಕೊನೆಯ ಅಧ್ಯಾಯ ತೆರೆಯಬೇಕಾದರೆ ಮುಂದಿನ ಭಾಗ ಚೀಲದಲ್ಲಿರಲೇಬೇಕು. 'ಮುಂದೇನಾಯ್ತು ಅಂತ ತಿಳ್ಕೊಳ್ಳೋಕೆ ಬರ್ತೀನಿ. ನಿಮ್ಮ ಸೂಜಿ ಚುಚ್ಚಿಸ್ಕೊಳ್ಳೋಕೆ ಯಾರು ಬರ್ತಾರೆ?' ಎಂದು ಡಾಕ್ಟರ ಮುಖಕ್ಕೇ ಹೇಳಿದ್ದಾಳೆ.

ಪಕ್ಕದ ಮಂಚದಲ್ಲಿ ಹಳೆಯ ಬಸ್ ಡ್ರೈವರ್ ಒಬ್ಬರು ಮಲಗುತ್ತಿದ್ದರು. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಮೊದಮೊದಲು ಗೋಡೆಗೆ ಮುಖ ಮಾಡಿ ನಿದ್ದೆಯ ನಾಟಕವಾಡುತ್ತಿದ್ದರು. ಒಂದು ದಿನ ನಾಯಕಿ ಡ್ರ್ಯಾಗನ್ ಏರಿ ಕೋಟೆಯನ್ನು ಸುತ್ತುವಾಗ ತಡೆಯಲಾರದೆ, 'ಅಷ್ಟು ಸ್ಪೀಡಲ್ಲಿ ಆ ತಿರುವು ತಗೊಂಡ್ರೆ ಪಲ್ಟಿ ಹೊಡೆಯುತ್ತಮ್ಮ!' ಅಂದರು. ಆಮೇಲೆ ಅವರ ಮಂಚವೇ ನಮ್ಮ ಕಡೆ ಸರಿಯಿತು.

ನಾನು ಮಾಡಿದ ಎಡವಟ್ಟು ಕೇಳು. ಆ ಡ್ರ್ಯಾಗನ್ ಕಥೆಯ ಎರಡನೆಯ ಭಾಗವೆಂದು ಹಳೇ ಪುಸ್ತಕದಂಗಡಿಯಿಂದ ಮೂರನೆಯದನ್ನೇ ತಂದುಬಿಟ್ಟೆ. ರಟ್ಟಿನ ಬಣ್ಣ ಎಲ್ಲಾ ಒಂದೇ, ನಾನೇನು ಮಾಡಲಿ? ತೆರೆದರೆ ಮೊದಲ ಭಾಗದ ಹುಡುಗಿ ಆಗಲೇ ವಿಧವೆ ರಾಣಿ! ಎರಡನೆಯದು ಎಲ್ಲೂ ಸಿಗಲಿಲ್ಲ. ಅಮ್ಮ, 'ಇರ್ಲಿ ಬಿಡು, ನಡುವಿಂದು ನಾವೇ ಹೇಳ್ಕೊಳ್ಳೋಣ' ಅಂದಳು. ಆ ಹುಡುಗಿಯ ಮದುವೆಗೆ ಯಾರ ಬಟ್ಟೆ ಎಂಥದು, ಎಲ್ಲಿ ನೆರಿಗೆ, ಎಲ್ಲಿ ಗುಂಡಿ ಎಂಬುದನ್ನೆಲ್ಲ ಅಮ್ಮ ಮಾತಿನಲ್ಲೇ ಹೊಲಿದುಕೊಟ್ಟಳು. ರಾಜನನ್ನು ಕೊಂದದ್ದು ಮಾಮ. 'ಯುದ್ಧಗಿದ್ಧ ಏನಿಲ್ಲ. ಇಳಿಜಾರಲ್ಲಿ ರಥಕ್ಕೆ ಬ್ರೇಕ್ ಹಿಡೀಲಿಲ್ಲ, ಅಷ್ಟೇ' ಅಂದರು. ಗುಂಡ, ಇಷ್ಟೆಲ್ಲ ಓದಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಯಾರೂ ಅಚ್ಚು ಹಾಕದ ಆ ಎರಡನೆಯ ಭಾಗವೇ.

ಹೋದ ವಾರ ಹೋದಾಗ ಮಾಮನ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ನರ್ಸಮ್ಮ ನನ್ನನ್ನು ಬಾಗಿಲಾಚೆಗೆ ಕರೆದು ಹೇಳಿದರು. ನಾನು ಒಳಗೆ ಬರುವಷ್ಟರಲ್ಲಿ ಅಮ್ಮನಿಗೆ ಅರ್ಥವಾಗಿಬಿಟ್ಟಿತ್ತು. ಮೂರನೆಯ ಭಾಗ ಅರ್ಧಕ್ಕೆ ಬಂದಿತ್ತು. ಓದಲೇ ಎಂದೆ. 'ರಾಣಿ ಕೋಟೆಗೆ ವಾಪಸ್ ಬರ್ತಾಳಾ ಅಂತ ಪಾಪ ಪ್ರತಿಸಲ ಕೇಳ್ತಿದ್ರು. ಗೊತ್ತಾಗ್ದೇನೇ ಹೋದ್ರಲ್ಲೇ' ಅಂದಳು. ಆ ದಿನ ಓದಲಿಲ್ಲ. ನನಗೆ ಮಾಮನ ನೆನಪಾದಾಗಲೆಲ್ಲ ಅಳು ಬರುತ್ತದೆ. ಅಂಗಡಿಯಲ್ಲಿ ಲೋಹದ ಪುಡಿ ಕಣ್ಣಿಗೆ ಬಿತ್ತೆಂದು ಗಿರಾಕಿಗಳಿಗೆ ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಇರಲಿ. ಈಗ ನಿನ್ನಿಂದ ಒಂದು ಉಪಕಾರವಾಗಬೇಕು. ಒಂದೇ ಭಾಗದಲ್ಲಿ ಮುಗಿಯುವ, ತೆಳ್ಳಗಿನ, ಒಳ್ಳೆಯ ಪುಸ್ತಕ ಯಾವುದಿದೆ ಬರೆದು ತಿಳಿಸು. ಮಾಟಮಂತ್ರದ್ದಾದರೂ ಸರಿ, ಬಾಹ್ಯಾಕಾಶದ್ದಾದರೂ ಸರಿ. ದಪ್ಪದ್ದನ್ನು ಅಷ್ಟು ಹೊತ್ತು ಹಿಡಿದು ನನಗೂ ಕೈ ನೋವು ಬರುತ್ತಿದೆ.

ಹುಷಾರಾಗಿರು. ಒಲೆಯ ಹತ್ತಿರ ತೋಳು ಸುಟ್ಟುಕೊಳ್ಳಬೇಡ. ಕಡಲು ನಿನ್ನನ್ನು ತಣ್ಣಗಿಟ್ಟಿರಲಿ, ನೂರು ವರ್ಷ ಬಾಳು. ಅಮ್ಮ ನಿನ್ನ ತಲೆ ಸವರಿದೆನೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಅಕ್ಕ

ತಾ.ಕ.: ನನ್ನ ಕೈಗೆ ಏನೂ ಆಗಿಲ್ಲ ಗುಂಡ, ಸುಳ್ಳು ಬರೆದೆ. ನೀನು ಹೇಳಿದ್ದ ಐದು ಭಾಗದ ನಕ್ಷತ್ರನೌಕೆಯ ಕಥೆ ನಿನ್ನೆ ಪೂರ್ತಿ ಸಿಕ್ಕಿತು, ಐದೂ ಹೊಸವು. ಕುಣಿದುಕೊಂಡು ತೆಗೆದುಕೊಂಡು ಹೋದೆ. ಅಮ್ಮ ಒಂದೊಂದನ್ನೇ ಮುಟ್ಟಿ ನೋಡಿದಳು, ಮೂಸಿದಳು. ಆಮೇಲೆ ಐದನ್ನೂ ನನ್ನ ಚೀಲಕ್ಕೇ ಹಾಕಿದಳು. 'ಚೆನ್ನಾಗಿರೋ ಹಾಗಿದೆ. ನೀನೂ ಗುಂಡನೂ ಓದ್ಕೊಳ್ಳಿ. ನನಗೆ ಒಂದರಲ್ಲೇ ಮುಗಿಯೋದು ತಾ' ಅಂದಳು. ಯಂತ್ರಕ್ಕೆ ಇನ್ನು ಬರಲೇಬೇಕಾ ಎಂದು ಡಾಕ್ಟರನ್ನು ಕೇಳಿದಳಂತೆ. ಅದನ್ನು ನನಗೆ ಹೇಳಿದ್ದು ನರ್ಸಮ್ಮ. ತೆಳ್ಳಗಿನ ಪುಸ್ತಕದ ಹೆಸರು ಬರೆಯುತ್ತಾ ಕೂರಬೇಡ. ಮುಂದಿನ ಬಂದರಿನಲ್ಲಿ ಇಳಿದು ಬಾ. ಎಲ್ಲಾದರೂ ಹುಡುಕಿ, ನನಗೆ ಸಿಗದ ಆ ಡ್ರ್ಯಾಗನ್ ಕಥೆಯ ಎರಡನೆಯ ಭಾಗವನ್ನು ಚೀಲದಲ್ಲಿಟ್ಟುಕೊಂಡು ಬಾ. ನೀನು ಓದಲು ಕೂತರೆ ಅವಳಿಗೆ ಬೇಡ ಅನ್ನಲು ಬಾಯಿ ಬರಲಾರದು.