ಮೇಜಿನ ಮೇಲಿನ ಎಣ್ಣೆ ಸೀಸೆ

ಸ್ಟೋನ್ ಕೂಲೀ, ಮಾಂಟಾನಾ
ನವೆಂಬರ್ 18, 2009, ಬುಧವಾರ

ಪ್ರೀತಿಯ ವರ್ನಾ,

ನೀನೂ ನಿನ್ನ ತಂಗಿಯೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಆಗಸ್ಟ್‌ನಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆಂದು ಬೈಯಬೇಡ. ಬೈಯಲೇಬೇಕಿದ್ದರೆ ಪೂರ್ತಿ ಓದಿದ ಮೇಲೆ ಬೈ, ಆಗ ಇನ್ನೂ ಗಟ್ಟಿಯಾದ ಕಾರಣ ಸಿಗುತ್ತದೆ. ನಿನ್ನ ಮಂಡಿ ಹೇಗಿದೆ? ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತುತ್ತಿದ್ದೀಯೋ, ಇಲ್ಲ ತಂಗಿಯ ಕೈಲಿ ಎಲ್ಲ ತರಿಸಿಕೊಂಡು ಮಹಾರಾಣಿಯ ಹಾಗೆ ಕೂತಿದ್ದೀಯೋ?

ಇಲ್ಲಿ ಎರಡು ಸಲ ಹಿಮ ಬಿತ್ತು. ಚರ್ಚಿನ ಮೀನೂಟ ಆಯಿತು. ಕಾಫಿ ಹಂಡೆಯ ವಿಷಯಕ್ಕೆ ಹೆಂಗಸರು ಎರಡು ಪಂಗಡವಾಗಿದ್ದಾರೆ, ನೀನಿದ್ದಿದ್ದರೆ ಮೂರಾಗುತ್ತಿತ್ತು. ನಾನು ಬೆಳಿಗ್ಗೆ ಸಂಜೆ ಸ್ಕೂಲ್ ಬಸ್ಸು ಓಡಿಸುತ್ತಿದ್ದೇನೆ. ಉಳಿದ ಹೊತ್ತಿನಲ್ಲಿ ಈ ಕೌಂಟಿಯ ಕರೋನರ್ ಕೆಲಸ ಇದ್ದೇ ಇದೆ. ಯಾರಾದರೂ ಮನೆಯಲ್ಲಿ, ರಸ್ತೆಯಲ್ಲಿ, ಹೊಲದಲ್ಲಿ ಹೇಗಿರಬಾರದೋ ಹಾಗೆ ಸತ್ತರೆ ಫೋನು ನನಗೇ ಬರುತ್ತದೆ. ಹೋಗಿ ನೋಡಬೇಕು, ಫೋಟೊ ತೆಗೆಯಬೇಕು, ಕೊನೆಗೆ ಕಾಗದದ ಮೇಲಿನ ಐದು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಸಹಜ, ಅಪಘಾತ, ಆತ್ಮಹತ್ಯೆ, ಕೊಲೆ, ಗೊತ್ತಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಜನ ನನಗೇ ಓಟು ಹಾಕುತ್ತಿದ್ದಾರೆ. ಅದು ನನ್ನ ಜಾಣತನಕ್ಕಲ್ಲ, ಬೇರೆ ಯಾರಿಗೂ ಈ ಕೆಲಸ ಬೇಡ ಅಷ್ಟೆ.

ವರ್ನಾ, ನನಗೆ ತಲೆ ಕೆಟ್ಟುಹೋಗಿದೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಕರ್ಟ್‌ನ ಹೆಂಡತಿ ಸತ್ತಳು.

ಹೌದು, ನಿನ್ನ ಅಳಿಯನಾಗಿದ್ದ ಕರ್ಟ್ ಹೋವ್ಲಾಂಡ್. ನಿನ್ನ ಮಗಳು ಲಿನೆಟ್ ತೀರಿಕೊಂಡ ಮೂರು ವರ್ಷಕ್ಕೆ ಹಾವರ್ ಕಡೆಯ ಶಾನಾ ಎಂಬ ಹುಡುಗಿಯನ್ನು ಮದುವೆಯಾಗಿದ್ದ. ನೀನು ಅವಳನ್ನು ನೋಡಿಲ್ಲ. ಮಾತು ಕಡಿಮೆ, ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಈ ತಿಂಗಳ ಏಳನೇ ತಾರೀಕು ಶನಿವಾರ ಮಧ್ಯಾಹ್ನ ನನಗೆ ಫೋನು ಬಂತು. ಹೋದೆ. ಅದೇ ಮನೆ, ಅದೇ ಅಡುಗೆಮನೆ. ಶಾನಾ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲಿದ್ದಳು, ಬೇಟೆಯ ರೈಫಲ್ ಅವಳ ಕಾಲ ಬಳಿ ಇತ್ತು. ಕರ್ಟ್ ಬಾಗಿಲಲ್ಲಿ ನಿಂತು ಅಳುತ್ತಿದ್ದ. "ಜಿಂಕೆ ಬೇಟೆಗೆ ಹೋಗೋಣ ಅಂತಿದ್ಲು ಅರ್ಡಿಸ್. ಬಂದೂಕು ನಾನೇ ಒರೆಸಿಡ್ತೀನಿ ಅಂದ್ಲು. ನಾನು ಕೊಟ್ಟಿಗೇಲಿದ್ದೆ" ಅಂದ.

ನಾನು ಮೇಜು ನೋಡಿದೆ. ಹಳೇ ಪೇಪರು ಹಾಸಿತ್ತು. ನಳಿಗೆ ಒರೆಸುವ ಸಲಾಕೆ ಕಾಫಿ ಕಪ್ಪಿಗೆ ಒರಗಿತ್ತು. ಎಣ್ಣೆ ಸೀಸೆ ಎಡಗಡೆಗಿತ್ತು, ಮುಚ್ಚಳ ಬೋರಲಾಗಿ ಅದರ ಪಕ್ಕದಲ್ಲಿತ್ತು. ಬಟ್ಟೆಯ ಚೂರುಗಳು ಒಂದರ ಮೇಲೊಂದು ಜೋಡಿಸಿಟ್ಟಂತೆ ಇದ್ದವು, ಒಂದಕ್ಕೂ ಎಣ್ಣೆ ತಾಗಿರಲಿಲ್ಲ. ಅದು ನನ್ನ ಮೇಜು, ವರ್ನಾ. ಹಾಗೆ ಜೋಡಿಸಿದ್ದವಳು ಈ ಲೋಕದಲ್ಲಿ ನಾನೊಬ್ಬಳೇ.

ಇದನ್ನು ನಿನಗೆ ಹೇಳಲೇಬೇಕು. ಲಿನೆಟ್ ಹೋಗಿ ಬರುವ ತಿಂಗಳಿಗೆ ಒಂಬತ್ತು ವರ್ಷವಾಗುತ್ತದೆ. ಅವತ್ತು ಕರ್ಟ್ ಅದೇ ಬಾಗಿಲಲ್ಲಿ ನಿಂತು "ಅವಳೇ ಮಾಡ್ಕೊಂಡ್ಲು" ಅಂದ. ನಾನು ನಂಬಿದೆ. ಪಾಸ್ಟರ್ ಮನೆಯಿಂದ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅರ್ಡಿಸ್, ಆ ಮಾತು ಬರೀಬೇಡ ಕಣೇ. ಅವಳ ಹೆಸರಿನ ಪಕ್ಕ ಆ ಮಾತು ಬೇಡ." ನಾನು ಬರೆಯಲಿಲ್ಲ. ಆದರೆ ಬರೆಯದೆ ಇರಬೇಕಾದರೆ ಏನು ಮಾಡಬೇಕು ಎನ್ನುವುದನ್ನು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನನಗಿಂತ ಮೊದಲು ಕರೋನರ್ ಆಗಿದ್ದ ಮುದುಕ ಕರ್ಮಿಟ್ ಈ ಕೆಲಸ ಕಲಿಸಿದ್ದ. "ಸತ್ತವನಿಗೆ ಯಾವ ಚೌಕವಾದ್ರೇನು? ಹೆಂಡ್ತಿ ಮಕ್ಕಳು ಈ ಊರಲ್ಲೇ ಬದುಕ್ಬೇಕಲ್ಲ. ಸಲಾಕೆ, ಎಣ್ಣೆ ಮೇಜಿನ ಮೇಲಿಡು, ಅಪಘಾತ ಅಂತ ಬರಿ, ಟೋಪಿ ಹಾಕ್ಕೊಂಡು ಮನೆಗ್ಹೋಗು" ಅನ್ನುತ್ತಿದ್ದ. ನಮ್ಮ ಕೌಂಟಿಯವರಷ್ಟು ಚೊಕ್ಕಟವಾಗಿ ಬಂದೂಕು ಇಟ್ಟುಕೊಳ್ಳುವವರು ಈ ದೇಶದಲ್ಲೇ ಇರಲಿಕ್ಕಿಲ್ಲ. ನಲವತ್ತು ವರ್ಷದಲ್ಲಿ ಹನ್ನೊಂದು ಜನ ಅದನ್ನು ಒರೆಸುತ್ತಲೇ ಸತ್ತಿದ್ದಾರೆ. ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ನಗುವುದಿಲ್ಲ. ಅದೇ ನಮ್ಮ ಮರ್ಯಾದೆ.

ಹಾಗಾಗಿ ಅವತ್ತು ನಾನೇ ಬೀರುವಿನಿಂದ ಪೆಟ್ಟಿಗೆ ತೆಗೆದು, ಪೇಪರು ಹಾಸಿ, ಎಲ್ಲ ಜೋಡಿಸಿದೆ. ನಾನು ಎಡಚಿ ತಾನೆ, ಸೀಸೆ ಎಡಕ್ಕೆ ಹೋಯಿತು. ಗಾಬರಿಯಲ್ಲಿ ಬಟ್ಟೆಗೆ ಎಣ್ಣೆ ಹಚ್ಚುವುದು ಮರೆತೆ. ಕರ್ಟ್ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದ. ನಾನು ಲಿನೆಟ್‌ಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಪಾಠ ಕಲಿಯುತ್ತಿದ್ದ. ಈಗ ನೋಡು, ನನ್ನ ತಪ್ಪನ್ನೂ ಬಿಡದೆ ನಕಲು ಮಾಡಿದ್ದಾನೆ. ಶಾನಾ ಬಲಗೈಯವಳು, ಅವನೂ ಬಲಗೈಯವನು.

ಸೋಮವಾರ ಬಸ್ಸಿನ ಟ್ರಿಪ್ಪು ಮುಗಿಸಿ ಶೆರೀಫ್ ಗೇಲನ್ ಹತ್ತಿರ ಹೋದೆ. ನನ್ನ ಬಸ್ಸಿನಲ್ಲೇ ಕೂತು ಓದಿದವನು, ಹಿಂದಿನ ಸೀಟಿನಲ್ಲಿ ಬಬಲ್ ಗಮ್ ಅಂಟಿಸುತ್ತಿದ್ದವನು. ಇದು ಅಪಘಾತ ಅಲ್ಲ, ಸರಿಯಾಗಿ ತನಿಖೆ ಮಾಡು ಅಂದೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಯಾಕೆ ಅಲ್ಲ? ಬಂದೂಕಿದೆ, ಎಣ್ಣೆ ಇದೆ, ಸಲಾಕೆ ಇದೆ."

"ಬಟ್ಟೆ ಒಣಗಿದೆಯಲ್ಲ ಗೇಲನ್?"

"ಆಗಷ್ಟೇ ಶುರು ಮಾಡಿರ್ತಾಳೆ."

"ಎಣ್ಣೆ ಸೀಸೆ ಎಡಗಡೆ ಯಾಕಿದೆ?"

"ಅರ್ಡಿಸ್, ನೀವು ಬಸ್ಸು ಚೆನ್ನಾಗಿ ಓಡಿಸ್ತೀರಿ. ನಮ್ಮ ಮಕ್ಕಳನ್ನ ಒಂದು ದಿನವೂ ತಡ ಮಾಡಿಲ್ಲ. ಸೀಸೆ ಎಡಕ್ಕಿತ್ತು ಅಂತ ಒಬ್ಬನನ್ನ ಜೈಲಿಗೆ ಹಾಕು ಅಂತೀರಲ್ಲ, ಊರವರು ಏನಂತಾರೆ?" ಅಂದ. ಆಮೇಲೆ ಡ್ರಾಯರ್ ಎಳೆದು ಒಂದು ಕಾಗದ ತೆಗೆದು ನನ್ನ ಮುಂದೆ ಹಾಕಿದ. ಲಿನೆಟ್‌ಳ ಮರಣಪತ್ರ. "ಒಂಬತ್ತು ವರ್ಷದ ಹಿಂದೆ ಇದೇ ಮೇಜು, ಇದೇ ಎಣ್ಣೆ. ಆಗ ಅಪಘಾತ ಅಂತ ಬರೆದಿದ್ದೀರಿ. ಇದು ಯಾರ ಸಹಿ?" ಅಂತ ಕೇಳಿದ. ನನ್ನದೇ ಸಹಿ. ಅವನಿಗೆ ಸಿಟ್ಟಿನಲ್ಲಿ ಏನೋ ಅಂದು ಬಂದೆ. ಏನಂದೆ ಎಂದು ಇಲ್ಲಿ ಬರೆದರೆ ನೀನು ನನ್ನ ಕಾಗದವನ್ನು ತಂಗಿಗೆ ಓದಿ ಹೇಳಲಾರೆ.

ಶಾನಾಳ ಶವವನ್ನು ನಾನು ಬಿಟ್ಟುಕೊಡಲಿಲ್ಲ, ಆ ಒಂದು ಅಧಿಕಾರ ನನ್ನ ಕೈಯಲ್ಲಿದೆ. ಮುನ್ನೂರು ಮೈಲಿ ದೂರದ ಶವಪರೀಕ್ಷೆಯ ಡಾಕ್ಟರಿಗೆ ಕಳಿಸಿದೆ. ಮೂರು ದಿನ ಫೋನು ಮಾಡಿ ಮಾಡಿ ಕೊನೆಗೆ ಆತ ಸಿಕ್ಕಿದ. "ಗುಂಡು ಹತ್ತಿರದಿಂದ ಬಿದ್ದಿದೆ. ಕೈ ಜಾರಿದ್ರೂ ಹೀಗೇ, ಬೇರೆಯವರು ಹಿಡಿದಿದ್ರೂ ಹೀಗೇ. ಮಿಕ್ಕಿದ್ದು ಜಾಗ ನೋಡಿದವರು ಹೇಳ್ಬೇಕು. ಜಾಗ ನೋಡಿದವರು ನೀವೇ ಅಲ್ವಾ?" ಅಂದ. ನಾನೇ, ಸ್ವಾಮಿ, ನಾನೇ.

ಕೌಂಟಿಯ ವಕೀಲನ ಹತ್ತಿರ ಹೋದೆ. ಆರು ಜನ ಊರವರನ್ನು ಕೂರಿಸಿ, ಸಾಕ್ಷಿ ಕೇಳಿ, ಬಹಿರಂಗ ವಿಚಾರಣೆ ಮಾಡಿಸೋಣ ಅಂದೆ. ಅದಕ್ಕೆ ಅವನ ಅಪ್ಪಣೆ ಬೇಕು. ಅವನು ಪ್ರತಿ ವರ್ಷ ಕರ್ಟ್‌ನ ಅಣ್ಣನ ಜೊತೆ ಬೇಟೆಗೆ ಹೋಗುವವನು. ಆದರೂ ಕೇಳಿಸಿಕೊಂಡ, ಅಷ್ಟು ಹೇಳಬೇಕು. "ಅನುಮಾನ ಪಡೋಕೆ ಒಂದು ಕಾರಣ ಕೊಡಿ ಅರ್ಡಿಸ್. ಒಂದೇ ಒಂದು. ಶುಕ್ರವಾರದ ತನಕ ಕಾಯ್ತೀನಿ. ಆಮೇಲೆ ಶವ ಗಂಡನಿಗೆ ಕೊಡಲೇಬೇಕು" ಅಂದ. ಕರ್ಟ್ ದಹನಕ್ಕೆ ಆಗಲೇ ಎಲ್ಲ ಗೊತ್ತುಮಾಡಿದ್ದಾನೆ. ಶಾನಾಳ ಅಕ್ಕ ಹಾವರ್‌ನಿಂದ ದಿನಾ ಫೋನು ಮಾಡಿ "ನಮ್ಮ ಶಾನಾ ಬಂದೂಕು ಅಂದ್ರೆ ಪಕ್ಕದ ಕೋಣೆಗೆ ಹೋಗ್ತಿದ್ಲು. ನೀವಾದ್ರೂ ಏನಾದ್ರೂ ಮಾಡ್ರಮ್ಮ" ಎನ್ನುತ್ತಾಳೆ. ಗೇಲನ್‌ಗೆ ಹೇಳಿದರೆ, ಅಕ್ಕಂದಿರು ಹಾಗೇ ಹೇಳ್ತಾರೆ ಬಿಡಿ ಅಂತಾನೆ. ಎಲ್ಲರೂ ಎಲ್ಲವನ್ನೂ ತಿರುಗಿಸಿ ನನ್ನ ತಲೆಗೇ ತಂದು ಕಟ್ಟುತ್ತಾರೆ. ಕಟ್ಟಲಿ, ಅದರಲ್ಲಿ ತಪ್ಪೇನಿಲ್ಲ ಎನ್ನುವುದೇ ನನ್ನ ಹೊಟ್ಟೆ ಉರಿಸುತ್ತಿದೆ.

ಏಕೆಂದರೆ ನನ್ನ ಹತ್ತಿರ ಇರುವ ಕಾರಣ ಒಂದೇ: ಆ ಮೇಜನ್ನು ಮೊದಲು ಜೋಡಿಸಿದವಳು ನಾನು. ಅದನ್ನು ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಪ್ರಾಯಶಃ ನನ್ನ ಮೇಲೂ ಕೇಸು ಬೀಳುತ್ತದೆ. ಅರವತ್ತಾರು ವರ್ಷದವಳು, ನಾನು ಅದಕ್ಕೆ ಅಂಜುವುದಿಲ್ಲ. ಆದರೆ ನಾನು ಬಾಯಿಬಿಟ್ಟ ದಿನ ನೀನು ಮುಚ್ಚಿಟ್ಟುಕೊಂಡು ಬಂದ ಮಾತೂ ಹೊರಗೆ ಬರುತ್ತದೆ. ಸಭೆಯಲ್ಲಿ, ಕಾಫಿ ಹಂಡೆಯ ಸುತ್ತ, ಪೆಟ್ರೋಲ್ ಬಂಕಿನಲ್ಲಿ ಎಲ್ಲ ಕಡೆ ಲಿನೆಟ್‌ಳ ಹೆಸರು ಓಡಾಡುತ್ತದೆ. ಆ ಮಾತಿಗೆ ಹೆದರಿ ನೀನು ಊರನ್ನೇ ಬಿಟ್ಟವಳು. ಅದಕ್ಕೇ ಮೊದಲು ನಿನಗೆ ಬರೆಯುತ್ತಿದ್ದೇನೆ. ಅಪ್ಪಣೆ ಕೇಳುತ್ತಿಲ್ಲ, ಕೇಳಬೇಕಾಗಿತ್ತು, ಆದರೆ ಕೇಳುತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಇಳಿಸಿ ನೇರ ವಕೀಲನ ಆಫೀಸಿಗೆ ಹೋಗಿ ಎಲ್ಲವನ್ನೂ ಬರೆದುಕೊಡುತ್ತೇನೆ. ಅವಸರದ ಅಂಚೆಯಲ್ಲಿ ಹಾಕುತ್ತಿದ್ದೇನೆ, ಗುರುವಾರ ನಿನ್ನ ಕೈಗೆ ಸಿಗುತ್ತದಂತೆ. ಬೇರೆಯವರ ಬಾಯಿಂದ ನೀನು ಕೇಳಬಾರದು ಎಂಬುದಷ್ಟೇ ನನ್ನ ಆಸೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಮೂರು ಸಲ ಕೈಗೆತ್ತಿಕೊಂಡೆ. ಪ್ರತಿ ಸಲ ನೀನು "ಹೇಳೇ ಅರ್ಡಿಸ್, ಏನು ವಿಶೇಷ" ಅನ್ನುತ್ತೀಯಲ್ಲ, ಅದು ಕಿವಿಯಲ್ಲಿ ಕೇಳಿಸಿ ಇಟ್ಟುಬಿಟ್ಟೆ. ನಾನು ಇಷ್ಟೊಂದು ಪುಕ್ಕಲಿ ಎಂದು ನನಗೇ ಗೊತ್ತಿರಲಿಲ್ಲ.

ಮಂಡಿಗೆ ಬಿಸಿ ಕೊಡುವುದು ಬಿಡಬೇಡ. ತಂಗಿಗೆ ನನ್ನ ನೆನಪು ಹೇಳು. ದೇವರು ನಿನ್ನನ್ನು ತನ್ನ ಹತ್ತಿರದಲ್ಲೇ ಇಟ್ಟುಕೊಂಡಿರಲಿ, ಈ ಚಳಿಗಾಲ ನಿನ್ನ ಮನೆ ಬೆಚ್ಚಗಿರಲಿ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಆದರೆ ಒಂದು ಗೆರೆಯಾದರೂ ಬರೆ.

ಎಂದಿಗೂ ನಿನ್ನವಳೇ,
ಅರ್ಡಿಸ್ ಫೋಸ್ಸಮ್

ಮರೆತ ಮಾತು: ಮರೆತಿರಲಿಲ್ಲ, ವರ್ನಾ. ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ.

ಲಿನೆಟ್ ಹೋದ ದಿನ ಮೇಜು ಜೋಡಿಸುವ ಮೊದಲು ಅಭ್ಯಾಸಬಲದಿಂದ ನಾಲ್ಕು ಫೋಟೊ ತೆಗೆದಿದ್ದೆ. ರೀಲು ತೊಳೆಸಿ ತಂದು, ಒಂದು ಕವರಿಗೆ ಹಾಕಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಒಂಬತ್ತು ವರ್ಷ ತೆರೆದಿರಲಿಲ್ಲ. ಕಳೆದ ಭಾನುವಾರ ಚರ್ಚಿನಿಂದ ಬಂದು ತೆರೆದೆ.

ಲಿನೆಟ್‌ಳ ಎರಡೂ ಕೈಗೆ ಮಣಿಕಟ್ಟಿನವರೆಗೆ ಹಿಟ್ಟು ಮೆತ್ತಿದೆ. ಲಟ್ಟಣಿಗೆ ನೆಲದ ಮೇಲೆ ಬಿದ್ದಿದೆ. ರೈಫಲ್ ಪಕ್ಕದಲ್ಲೇ ಇದೆ. ಭೂತಗನ್ನಡಿ ಹಿಡಿದು ನೋಡಿದೆ, ಅದರ ಕಪ್ಪು ಕಬ್ಬಿಣದ ಮೇಲೆ ಒಂದು ಚುಕ್ಕೆ ಬಿಳಿ ಇಲ್ಲ, ಹಿಡಿಯ ಮೇಲಿಲ್ಲ, ಬೆರಳಿಂದ ಒತ್ತುವ ಕುದುರೆಯ ಮೇಲಿಲ್ಲ. ಹಬ್ಬಕ್ಕೆ ಆಲೂಗಡ್ಡೆಯ ಲೆಫ್ಸ ರೊಟ್ಟಿ ಲಟ್ಟಿಸುವ ದಿನ ನಮ್ಮ ಬಾಗಿಲ ಹಿಡಿ, ನಲ್ಲಿ, ಫೋನು ಯಾವುದಕ್ಕೆ ಹಿಟ್ಟು ಹತ್ತುವುದಿಲ್ಲ ಹೇಳು? ಆ ಕೈ ಆ ಬಂದೂಕನ್ನು ಮುಟ್ಟಿಲ್ಲ. ಈ ಫೋಟೊವನ್ನೂ ಶುಕ್ರವಾರ ಕೊಡುತ್ತೇನೆ.

ನೀನು ಬಂದಾಗ ಆ ಕೈಗಳನ್ನು ಹಿಡಿದುಕೊಂಡು, ಎಷ್ಟು ಚೊಕ್ಕಟವಾಗಿವೆ ನೋಡು ಅಂದೆ. ತೊಳೆದವಳು ನಾನು. ನೀನು ಹಿಡಿದುಕೊಳ್ಳಲಿ ಎಂದು ತೊಳೆದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಬಂದೂಕು ಒರೆಸುವವಳ ಕೈಯಲ್ಲಿ ಹಿಟ್ಟಿರಬಾರದು ಎಂದೇ ತೊಳೆದದ್ದು. ಬಿಸಿನೀರಲ್ಲಿ, ಉಗುರಿನ ಸಂದಿಯನ್ನೂ ಬಿಡದೆ.

ಇನ್ನೊಂದು. ಅದರ ಹಿಂದಿನ ವಾರ ಲಿನೆಟ್ ನಿನಗೆ ಫೋನು ಮಾಡಿ ಮನೆಗೆ ಬಂದುಬಿಡಲಾ ಅಂದಾಗ, ಕ್ರಿಸ್‌ಮಸ್ ತನಕ ತಾಳು ಅಂದವಳು ನೀನು, ಆ ನಿನ್ನ ಮಾತೇ ಅವಳನ್ನು ಕೊಂದಿತು ಎಂದು ನೀನು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದೆ. ನಾಲ್ಕನೇ ಫೋಟೊ ನೋಡು, ಅದರ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅವಳು ಅದರಲ್ಲಿಲ್ಲ, ಹೆದರಬೇಡ. ಒಲೆಯ ಪಕ್ಕದ ಹಲಗೆ ಮಾತ್ರ ಇದೆ. ದೊಡ್ಡ ಬೋಗುಣಿಯಲ್ಲಿ ನಾಲ್ಕು ಡಜನ್ ರೊಟ್ಟಿಗಾಗುವಷ್ಟು ಆಲೂಗಡ್ಡೆ ಹಿಟ್ಟು ಕಲಸಿಟ್ಟಿದ್ದಾಳೆ. ಅದರ ಪಕ್ಕದಲ್ಲಿ ಮುಚ್ಚಳ ತೆಗೆದು, ಒಳಗೆ ಕಾಗದ ಹಾಸಿಟ್ಟಿರುವುದು, ಪ್ರತಿ ಕ್ರಿಸ್‌ಮಸ್‌ಗೂ ಅವಳು ಲೆಫ್ಸ ತುಂಬಿ ಮನೆಗೆ ತರುತ್ತಿದ್ದ ನಿನ್ನ ನೀಲಿ ಡಬ್ಬಿ.