ಹೋರಿಯ ಹಲ್ಲು

ವೆಂಕೋಬಣ್ಣಾ,

ಸತ್ತವರಿಗೆ ಟಪಾಲು ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನಮ್ಮ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗಿದ್ದ ಹೈದರಾಬಾದಿನ ಡಾಕ್ಟರು ಇವತ್ತು ಮತ್ತೆ ಬಂದಿದ್ದರು. ಮನೆಯಲ್ಲೇ ಹುಟ್ಟಿದ ಹೋರಿಯ ಬಾಯಿ ಬಿಡಿಸಿ ನೋಡಿದರು. ಹಲ್ಲು ಕಂದುಗಟ್ಟಿ ಸವೆದಿದ್ದವು.

"ಹೋರಿ ಎಳೇದೇ ಐತಿ. ನಿಮ್ಮ ಬಾವಿ ನೀರಾಗ ವಿಷ ಐತಿ. ಮೊದಲು ಹಲ್ಲು ತಿಂತೈತಿ, ಆಮ್ಯಾಲೆ ಎಲುಬು. ದನಕ್ಕೂ ಅಷ್ಟ, ಮನುಷ್ಯಾರಿಗೂ ಅಷ್ಟ" ಅಂದರು.

ಮಸ್ಕಿ ಸಂತೆಯಲ್ಲಿ ನೀನೂ ನಿನ್ನ ಹೋರಿ ಎಳೇದು ಅಂತಲೇ ಹೇಳಿದ್ದೆ. ಬಾಯಿ ಬಿಡಿಸಿ ಸವೆದ ಹಲ್ಲು ನೋಡಿದವರು, "ಮುದಿ ಎತ್ತು ತಂದು ಮೋಸ ಮಾಡ್ತೀಯೇನಲೇ?" ಎಂದು ನಿನ್ನ ರುಮಾಲು ಕಿತ್ತೆಸೆದರು. ನಾನು ಹಗ್ಗ ಹಿಡಿದು ನಿನ್ನ ಪಕ್ಕದಲ್ಲೇ ನಿಂತಿದ್ದರೂ ನಿನ್ನ ಪರವಾಗಿ ಬಾಯಿ ಬಿಡಲಿಲ್ಲ. ಆಮೇಲೆ ಸಾಯುವ ತನಕ ನೀನು ಸಂತೆಗೆ ಹೋಗಲಿಲ್ಲ. ನನ್ನ ಜೊತೆ ಮಾತನಾಡಲೂ ಇಲ್ಲ.

ಡಾಕ್ಟರು ನನ್ನ ಮಗಳು ಆದಮ್ಮನ ಬಾಯಿಯನ್ನೂ ಬಿಡಿಸಿದರು. ಅವಳ ಹಲ್ಲೂ ಕಂದುಗಟ್ಟಿದ್ದವು.

"ಔಷಧ ಏನರ ಐತೇನ್ರೀ?" ಎಂದೆ.

"ಇಲ್ಲ. ಬ್ಯಾರೆ ಬಾವಿ ನೀರು ಕುಡೀರಿ."

ಊರಿಗೆ ಇರುವುದು ಅದೊಂದೇ ಬಾವಿ, ಅಣ್ಣಾ.

ಅವರ ಗಾಡಿ ಹೋದ ಮೇಲೆ ಆದಮ್ಮ ನೀರು ಕೇಳಿದಳು. ಕೊಟ್ಟೆ.