ಬೆಳ್ಳಿ ಕಾಗದ ಸುತ್ತಿದ ಸೀಸೆ

ಮಾರ್ಚ್ 4, ಸೋಮವಾರ

ಲ್ಯಾಬಿನ ಫ್ರಿಜ್ ತೊಳೆಯುವ ದಿನ. ಐಸು ಗೋಡೆಯಂತೆ ಕಟ್ಟಿತ್ತು. ಎಲ್ಲ ಹೊರಗೆ ತೆಗೆದೆ. ಒಂದು ಪುಟ್ಟ ಸೀಸೆಗೆ ಮಾತ್ರ ಬೆಳ್ಳಿ ಕಾಗದ ಸುತ್ತಿದ್ದಾರೆ. ಒದ್ದೆ, ಹರಕು, ಮೇಲೆಲ್ಲ ಕಲೆ. ಬಿಚ್ಚಿ ಎಸೆದೆ. ಒರೆಸಿ, ಉಳಿದವುಗಳ ಜೊತೆ ಕಿಟಕಿ ಪಕ್ಕ ಐಸಿನ ಟ್ರೇಯಲ್ಲಿ ನಿಲ್ಲಿಸಿದೆ. ಒಳ್ಳೆಯ ಬಿಸಿಲು. ಎತ್ತಿ ಹಿಡಿದು ನೋಡಿದರೆ ತಳದಲ್ಲಿ ನಾಲ್ಕು ಹನಿ ನೀರು, ಅಷ್ಟೇ. ಇಷ್ಟಕ್ಕೆ ಇಷ್ಟೊಂದು ಉಪಚಾರ ಏಕೋ.

ಮೂರು ಗಂಟೆಗೆ ಎಲ್ಲ ವಾಪಸ್. ಆ ಸೀಸೆಗೆ ಹೊಸ ಕಾಗದ ಸುತ್ತಿದೆ. ಮೊದಲಿಗಿಂತ ಚೆಂದ.

ಮಾರ್ಚ್ 6

ಚಿಕ್ಕ ಮೇಡಂ ಹತ್ತಿರ ಮೊದಲ ಸಲ ಬಾಯಿಬಿಟ್ಟೆ. ಅವರು ಇಲ್ಲಿ ಇನ್ನೂ ಓದುತ್ತಿರುವವರು, ನಾನು ಬಟ್ಟಲು ತೊಳೆಯುವವಳು. ಆ ಸೀಸೆಯಲ್ಲಿ ಏನಿದೆ ಎಂದು ಕೇಳಿದೆ.

"ಆ್ಯಂಟಿಬಾಡಿ. ನಮ್ಮ ಜೀವಕೋಶದೊಳಗೆ ಸಣ್ಣ ಸಣ್ಣ ಒಲೆ ಇವೆ ಅಂದ್ಕೋ. ಮೈಟೊಕಾಂಡ್ರಿಯ ಅಂತಾರೆ. ಒಲೆ ಉರಿಸೋಕೆ ಒಬ್ಬ ಆಳು ಬೇಕಲ್ಲ, ಅದು ಕಿಣ್ವ. ಸೀಸೇಲಿರೋದು ಆ ಆಳನ್ನೇ ಹುಡುಕ್ಕೊಂಡು ಹೋಗಿ ಕಚ್ಕೊಳ್ಳತ್ತೆ. ಅದಕ್ಕೊಂದು ಬಣ್ಣ ಕಟ್ಟಿರ್ತಾರೆ. ಕತ್ತಲೆ ಕೋಣೇಲಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹಸಿರಾಗಿ ಹೊಳೆಯತ್ತೆ."

"ಆಳೇ ಇಲ್ದಿದ್ರೆ?"

"ಕಪ್ಪು."

ನಾಳೆ ನೋಡುವುದು ಒಂದು ಮಗುವಿನ ಸ್ನಾಯುವಿನ ಚೂರಂತೆ. ಐದು ವರ್ಷ, ಮೆಟ್ಟಿಲು ಹತ್ತಲಾಗದು. ಆಳು ಒಬ್ಬನೂ ಇಲ್ಲ ಎಂದಾದರೆ ಔಷಧಿಯಿಲ್ಲ. ಸ್ವಲ್ಪವಾದರೂ ಇದ್ದರೆ ಡಾಕ್ಟರ್ ಒಂದು ಮಾತ್ರೆ ಕೊಟ್ಟು ನೋಡುತ್ತಾರಂತೆ.

ರಾತ್ರಿ ಕೈ ನೋಡಿಕೊಂಡೆ. ಇದರೊಳಗೂ ಒಲೆಗಳು…

ಮಾರ್ಚ್ 7

ಕಪ್ಪು. ಪೂರ್ತಿ ಕಪ್ಪು.

ಲ್ಯಾಬಿನ ದೊಡ್ಡ ಸರ್ ಬಂದು ಮೇಡಂ ಅವರನ್ನು ಕೇಳಿದರು. "ಜೊತೆಗೆ ಆರೋಗ್ಯವಂತರ ಚೂರೂ ಹಾಕಿದ್ಯಾ?"

"ಹೋದ ವಾರ ಹಾಕಿದ್ದ ಅದರ ಸ್ಲೈಡ್ ಇದೆಯಲ್ಲ ಸರ್, ಚೆನ್ನಾಗಿ ಹೊಳೀತಿತ್ತು. ಆ್ಯಂಟಿಬಾಡಿ ಮುಗೀತಾ ಬಂತು, ಉಳಿಸೋಣ ಅಂತ…"

ಸರ್ ಹ್ಞೂಂ ಎಂದರು. ಆಳಿಲ್ಲ ಎಂದು ಸೋಮವಾರ ಡಾಕ್ಟರಿಗೆ ಪತ್ರ ಹೋಗುತ್ತದೆ.

ಮಾರ್ಚ್ 8

ಸಿಂಕಿನಲ್ಲಿ ಬೀಕರ್ ಉಜ್ಜುತ್ತಿದ್ದೆ. ಚಿಕ್ಕ ಮೇಡಂ ಪಕ್ಕದಲ್ಲಿ ಕೈ ತೊಳೆಯುತ್ತಿದ್ದರು. ಸುಮ್ಮನಿರಲಾಗದೆ ಕೇಳಿದೆ, ಅದೊಂದಕ್ಕೇ ಬೆಳ್ಳಿ ಕಾಗದ ಯಾಕೆ?

"ಬೆಳಕು ಬಿದ್ರೆ ಬಣ್ಣ ಸತ್ತೋಗತ್ತೆ ಕಣೇ. ಅದಿಲ್ಲಿ ಎಲ್ರಿಗೂ ಗೊತ್ತು."

ಎಲ್ಲರಿಗೂ. ಕೈ ಅಲ್ಲೇ ನಿಂತಿತು. ಮೇಡಂ ಹೋದರು. ನಲ್ಲಿ ಹರಿಯುತ್ತಲೇ ಇತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಲ್ಯಾಬಿನ ಕಟ್ಟಡದಲ್ಲೇ ಮೆಟ್ಟಿಲು ಒರೆಸುವವಳು, ನನ್ನನ್ನು ಕೆಲಸಕ್ಕೆ ಸೇರಿಸಿದವಳು.

"ಬಾಯಿಗೆ ಬೀಗ ಹಾಕ್ಕೋ. ಮಾತಾಡು ಅಂದಾಗ ಮೂಕಿ, ಬೇಡ ಅಂದಾಗ ಭಾಷಣ. ನಿನ್ನ ಜೊತೆ ನನ್ನ ಕೆಲಸಕ್ಕೂ ಸಂಚಕಾರ ತರ್ತೀಯ."

"ಆ ಮಗು ಅತ್ತೆ…"

"ಮಗು ಡಾಕ್ಟರ್ ಪಾಡಿಗೆ. ನೀನು ಬಟ್ಟಲು ತೊಳಿ."

ಮಾರ್ಚ್ 10

ಒಂದು ಸಾಲೂ ಬರೆಯಲಾಗುತ್ತಿಲ್ಲ. ಬಿಸಿಲು ಎಷ್ಟು ಹೊತ್ತು ಬಿದ್ದಿರಬಹುದು? ಹನ್ನೆರಡರಿಂದ ಮೂರು. ಬಣ್ಣ ಸಾಯಲು ಎಷ್ಟು ಹೊತ್ತು ಬೇಕು? ಅರ್ಧ ಸತ್ತಿದ್ದರೆ? ಕೇಳಬೇಕು ಎಂದರೆ ಹೇಳಬೇಕು.

ಮಾರ್ಚ್ 11, ಸೋಮವಾರ, ಬೆಳಿಗ್ಗೆ

ಹೇಳಿದೆ.

ಚಿಕ್ಕ ಮೇಡಂ ಸ್ಟೂಲ್ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. "ಯಾವ ಕಿಟಕಿ?" ತೋರಿಸಿದೆ. "ಎಷ್ಟು ಹೊತ್ತು?" ಹೇಳಿದೆ. "ಮತ್ತೆ ಕಾಗದ ಸುತ್ತಿದ್ದು?" ನಾನೇ ಎಂದೆ.

ಎದ್ದು ಸರ್ ಕೋಣೆಗೆ ಓಡಿದರು.

ಸಂಜೆ

ಪತ್ರ ಹೋಗಲಿಲ್ಲ. ಸೀಸೆಯಲ್ಲಿ ಉಳಿದಿದ್ದನ್ನೆಲ್ಲ ಆರೋಗ್ಯವಂತರ ಚೂರಿನ ಮೇಲೆ ಹಾಕಿದರು. ಅದೂ ಕಪ್ಪು. ಅಂದರೆ ಸತ್ತಿದ್ದು ಸೀಸೆಯ ಬಣ್ಣ. ಕಪ್ಪು ಎಂದು ತಿಳಿದು ಯಾರಾದರೂ ನೆಮ್ಮದಿಯ ಉಸಿರು ಬಿಟ್ಟಿದ್ದನ್ನು ಇವತ್ತೇ ನೋಡಿದ್ದು.

ಸರ್ ಬಾಗಿಲಲ್ಲಿ ನಿಂತು ಕೇಳಿದರು. "ಫ್ರಿಜ್ ತೊಳೆದಿದ್ದು ಯಾರು?"

"ಜೊತೆಗೆ ಆರೋಗ್ಯವಂತರ ಚೂರು ಹಾಕ್ದೆ ಇದ್ದಿದ್ದು ನಾನು ಸರ್," ಎಂದರು ಮೇಡಂ.

ಸರ್ ಇಬ್ಬರನ್ನೂ ನೋಡಿದರು. "ಇನ್ನೆಷ್ಟು ಚೂರು ಉಳಿದಿದೆ ಆ ಮಗೂದು?"

"ಒಂದೇ."

ಹೋದರು. ನನ್ನ ಕೆಲಸ ಇದೆಯೋ ಇಲ್ಲವೋ ಹೇಳಲಿಲ್ಲ. ಬೀಕರ್ ಉಜ್ಜಿದೆ.

ಮಾರ್ಚ್ 19

ಹೊಸ ಸೀಸೆ ಇನ್ನೂ ಬಂದಿಲ್ಲ. ಅತ್ತೆ ಮಾತು ಬಿಟ್ಟಿದ್ದಾಳೆ, ಊಟ ಬಡಿಸುವುದು ಬಿಟ್ಟಿಲ್ಲ. ಮಗುವಿನ ತಾಯಿ ಎರಡು ಸಲ ಬಂದು ವರಾಂಡದಲ್ಲಿ ಕೂತು ಹೋದಳು. ಮಗು ಸೊಂಟದ ಮೇಲೆ. ನನ್ನ ಬಕೆಟ್ಟು ನೋಡಿ, "ಒಳಗೆ ಮೀನಿದೆಯಾ?" ಎಂದಿತು. ಇಲ್ಲ ಎಂದೆ. "ಯಾಕಿಲ್ಲ?" ಎಂದಿತು. ಒಳ್ಳೆಯ ಪ್ರಶ್ನೆ.

ಮಾರ್ಚ್ 27, ಬುಧವಾರ

ಬಂತು. ಐಸಿನ ಡಬ್ಬಿಯಲ್ಲಿ. ಮೇಡಂ ಕಿಟಕಿಗೆ ಕಪ್ಪು ಬಟ್ಟೆ ಎಳೆದೇ ಡಬ್ಬಿ ಬಿಚ್ಚಿದರು. ಎರಡು ಸ್ಲೈಡ್: ಒಂದು ಆರೋಗ್ಯವಂತರದ್ದು, ಒಂದು ಮಗುವಿನದು.

ಸಂಜೆ ಐದಕ್ಕೆ ಕತ್ತಲೆ ಕೋಣೆಗೆ ಕರೆದರು. ಮೊದಲನೆಯದು ಹೊಳೆಯುತ್ತಿದೆ ಎಂದರು. ಎರಡನೆಯದು ಇಟ್ಟು ಕಣ್ಣು ಹಚ್ಚಿದರು. ಗುಂಡಿ ತಿರುಗಿಸಿದರು, ಮತ್ತೆ ತಿರುಗಿಸಿದರು. ಕೊನೆಗೆ ಸ್ಟೂಲ್ ಬಿಟ್ಟು ಸರಿದರು.

"ನನ್ನ ಕಣ್ಣನ್ನ ನಾನೇ ನಂಬಲ್ಲ ಇವತ್ತು. ನೀನು ನೋಡು. ಕಂಡಿದ್ದಷ್ಟೇ ಹೇಳು, ನಂಗೆ ಬೇಜಾರಾಗತ್ತೆ ಅಂತ ಸೇರಿಸ್ಬೇಡ."

ಬಗ್ಗಿದೆ. ಮೊದಲು ಕಪ್ಪು. ನನ್ನ ರೆಪ್ಪೆಯೇ ಅಡ್ಡ ಬರುತ್ತಿತ್ತು. ಉಸಿರು ಹಿಡಿದೆ. ಆಮೇಲೆ ಒಂದು ಮೂಲೆಯಲ್ಲಿ, ಕೂದಲೆಳೆಗಿಂತ ತೆಳ್ಳಗೆ, ಹಸಿರು. ಅದರ ಪಕ್ಕ ಇನ್ನೊಂದು. ಇನ್ನೂ ಪಕ್ಕದಲ್ಲಿ ಮತ್ತೊಂದು. "ಮೂರು ಎಳೆ ಮೇಡಂ, ಹಸಿರು," ಎಂದೆ.